ಅಡಿಗೆಯ ಹದ ಮತ್ತು ಉದ್ಯಮದ ಬೆಳವಣಿಗೆ

ಚಿಕ್ಕದೊಂದು ಉಪಾಹಾರ ಗೃಹವು ಹಲವು ಸಂಸ್ಥೆಗಳ ಮನೆತನವಾಗಿ ಬೆಳೆಯಬೇಕಾದರೆ ಬಂಡವಾಳವೊಂದೇ ಸಾಲದು. ಬಾಣಸಿಗನ ಕೈಯಲ್ಲಿರುವ ಹದವು ಅಳತೆಗೆ ಸಿಕ್ಕಬೇಕು. ಇದಕ್ಕೆ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ನಾವೆಲ್ಲ ಬಲ್ಲ ಎಂ.ಟಿ.ಆರ್., ಒಳ್ಳೆಯ ನಿದರ್ಶನ.

ಕರಾವಳಿಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಲಾಲ್‌ಬಾಗಿನ ಸಮೀಪ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವುಂಟಾದಾಗ ರವೆ ಇಡ್ಲಿ ಇಲ್ಲಿಯೇ ಹುಟ್ಟಿತೆಂದು ಸಂಸ್ಥೆಯವರು ಹೇಳುತ್ತಾರೆ. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯೂರೋಪಿಗೆ ಹೋಗಿ ಅಲ್ಲಿಯ ಉಪಾಹಾರ ಗೃಹಗಳ ಶುಚಿತ್ವವನ್ನೂ ವ್ಯವಸ್ಥೆಯನ್ನೂ ಕಂಡು ಬಂದು, ಅದನ್ನು ಇಲ್ಲಿ ಆಚರಣೆಗೆ ತಂದರು. ಈಗಿನ ಹೆಸರು ಬಂದುದು 1960ರಲ್ಲಿ.

ಆದರೆ ಹೋಟೆಲಿಗೆ ಒಂದು ಮಿತಿಯುಂಟು. ಇರುವಷ್ಟು ಮೇಜುಗಳಿಗೆ ಮಾತ್ರ ಗಿರಾಕಿಗಳು. ಬೇಯಿಸಿದ ಪದಾರ್ಥ ಅಂದೇ ಖರ್ಚಾಗಬೇಕು. 1975ರ ತುರ್ತುಪರಿಸ್ಥಿತಿಯಲ್ಲಿ ಸರ್ಕಾರವು ತಿಂಡಿಗಳ ಬೆಲೆಯನ್ನು ಇಳಿಸಿತು. ಸಾಮಗ್ರಿಯ ವೆಚ್ಚ ಇಳಿಯದೆ ಮಾರುವ ಬೆಲೆ ಮಾತ್ರ ಇಳಿದರೆ, ಮಾರಿದಷ್ಟೂ ನಷ್ಟವೇ ಸರಿ. ಹೋಟೆಲು ಮುಚ್ಚಿತು. ಕೆಲಸಗಾರರಿಗೆ ದಾರಿಯೇನು? ಆಗ ಮಯ್ಯರು ಸಿದ್ಧ ಹಿಟ್ಟುಗಳನ್ನೂ ಸಾರಿನ ಪುಡಿ ಮೊದಲಾದವನ್ನೂ ಪೊಟ್ಟಣ ಕಟ್ಟಿ ಮಾರುವುದಕ್ಕೆ ಕೈಹಾಕಿದರು.

ಇಲ್ಲಿ ರವೆ ಇಡ್ಲಿಯ ಗುಣವನ್ನು ಗಮನಿಸಬೇಕು. ಅದಕ್ಕೆ ರುಬ್ಬುವ ಕೆಲಸವಿಲ್ಲ, ರಾತ್ರಿಯೆಲ್ಲ ಹುದುಗು ಬರಿಸಬೇಕಾಗಿಲ್ಲ. ರವೆ, ಒಗ್ಗರಣೆ, ಸೋಡಾ ಒಣಗಿದ್ದಾಗಲೇ ಒಂದಾಗಿರುತ್ತವೆ. ಮೊಸರು ಬೆರೆಸುವುದು ಕೊಂಡವರ ಕೆಲಸ. ಒಂದು ಅಭಾವದಲ್ಲಿ ಹುಟ್ಟಿದ ತಿಂಡಿ ಮತ್ತೊಂದು ಸಂಕಟದಲ್ಲಿ ಸಂಸ್ಥೆಗೆ ಒದಗಿತು. ಪ್ರಮಾಣ ಒಮ್ಮೆ ನಿಶ್ಚಿತವಾದರೆ ಸಾವಿರ ಪೊಟ್ಟಣಗಳಲ್ಲಿಯೂ ರುಚಿ ಒಂದೇ. ಬಾಣಸಿಗನು ಪ್ರತಿಯೊಂದು ಊರಿಗೂ ಹೋಗಬೇಕಾಗಿಲ್ಲ. ಹೀಗೆ ಹೋಟೆಲು ಮತ್ತೆ ತೆರೆದ ಮೇಲೂ ಪೊಟ್ಟಣದ ವ್ಯಾಪಾರವು ಬೇರೆಯೇ ಉದ್ಯಮವಾಗಿ ಬೆಳೆಯಿತು.

ಬೆಳೆದ ಮನೆಯಲ್ಲಿ ಪಾಲಿನ ಪ್ರಶ್ನೆ ಏಳುವುದು ಸಹಜ. ಮನೆತನದ ಒಂದು ಕವಲು ಹೋಟೆಲನ್ನೂ ಇನ್ನೊಂದು ಕವಲು ಆಹಾರದ ಕಾರ್ಖಾನೆಯನ್ನೂ ನಡೆಸಿದವು. 2007ರಲ್ಲಿ ಎಂ.ಟಿ.ಆರ್. ಫುಡ್ಸ್ ಸಂಸ್ಥೆಯನ್ನು ನಾರ್ವೆ ದೇಶದ ಓರ್ಕ್ಲಾ ಸಂಸ್ಥೆ ಕೊಂಡಿತು. ಹೋಟೆಲು ಮಯ್ಯರಲ್ಲಿಯೇ ಉಳಿಯಿತು. ಕಾರ್ಖಾನೆಯನ್ನು ನಡೆಸಿದ್ದ ಸದಾನಂದ ಮಯ್ಯರು ಮುಂದೆ ‘ಮಯ್ಯಾಸ್’ ಎಂಬ ಹೊಸ ಸಂಸ್ಥೆಯನ್ನು ಕಟ್ಟಿದರು. ಹೀಗೆ ತಟ್ಟೆಯ ಮೇಲಿನ ಹೆಸರಿಗೂ ಪೊಟ್ಟಣದ ಮೇಲಿನ ಹೆಸರಿಗೂ ಒಡೆಯರು ಬೇರೆ ಬೇರೆಯಾದರು.

ಇದನ್ನು ಲಾಭವೆನ್ನೋಣವೇ, ನಷ್ಟವೆನ್ನೋಣವೇ? ಮಾರದೆ ಇದ್ದಿದ್ದರೆ ಹೆಸರು ಮನೆಯಲ್ಲಿಯೇ ಉಳಿಯುತ್ತಿತ್ತು. ಮಾರಿದ್ದರಿಂದ ಪರದೇಶದ ಬಂಡವಾಳ ಒದಗಿತು. ಅರ್ಥಶಾಸ್ತ್ರವನ್ನು ಓದುವ ನಾವು ಒಂದನ್ನು ಮನಗಾಣಬೇಕು: ಒಲೆ, ಪಾತ್ರೆ, ಕಟ್ಟಡಗಳಂತೆ ಹೆಸರೂ ಒಂದು ಆಸ್ತಿ. ನಮ್ಮಲ್ಲಿ ಕೆಲವರ ಮನೆಗಳಲ್ಲಿ ಹಪ್ಪಳ, ಚಟ್ನಿಪುಡಿಗಳ ಸಣ್ಣ ವ್ಯಾಪಾರವಿದ್ದೀತು. ಅಳತೆಯನ್ನು ಬರೆದಿಡುವುದು, ಮನೆಯ ಲೆಕ್ಕದಿಂದ ವ್ಯಾಪಾರದ ಲೆಕ್ಕವನ್ನು ಬೇರ್ಪಡಿಸುವುದು, ಹೆಸರು ಯಾರದೆಂದು ಮೊದಲೇ ಗೊತ್ತುಮಾಡುವುದು, ಈ ಮೂರೂ ಅಂಗಡಿ ಚಿಕ್ಕದಾಗಿರುವಾಗಲೇ ಸುಲಭ.