ಅರಿವು, ಮರೆವು ಮತ್ತು ಮುಪ್ಪು

ಶರಣರ ವಚನಗಳಲ್ಲಿ ಅರಿವು, ಮರೆವು ಎಂಬ ಮಾತುಗಳು ಪದೇ ಪದೇ ಬರುತ್ತವೆ. ತನ್ನ ನಿಜವನ್ನು ತಾನು ತಿಳಿಯುವುದು ಅರಿವು. ವಿಷಯಸುಖದಲ್ಲಿ ಮುಳುಗಿ ಅದನ್ನು ಕಡೆಗಣಿಸುವುದು ಮರೆವು. ಮುಪ್ಪಿನಲ್ಲಿ ಕೆಲವರನ್ನು ಆವರಿಸುವ ಮರೆವಾದರೋ ಇದಲ್ಲ. ಅದು ಮಿದುಳಿನ ರೋಗ. ಇವೆರಡನ್ನೂ ಒಂದೆಂದು ಭಾವಿಸಿ 'ಅರವತ್ತಕ್ಕೆ ಅರಳುಮರಳು' ಎಂದು ನಗುವುದು ಅವಿಚಾರವೇ ಸರಿ. ಮುಪ್ಪಿಗೆ ಮೊದಲೇ ಎಚ್ಚರಗೊಳ್ಳಬೇಕೆಂದು ಬಸವಣ್ಣನವರು ಬೋಧಿಸಿದರು. ಆ ಬೋಧೆ ಶಕ್ತಿಯುಳ್ಳವರನ್ನು ಎಬ್ಬಿಸುವುದಕ್ಕಾಗಿ, ಶಕ್ತಿಗುಂದಿದವರನ್ನು ಹಳಿಯುವುದಕ್ಕಲ್ಲ.

ಈ ರೋಗದ ಮುಖ್ಯ ಬಗೆಯೊಂದನ್ನು ಜರ್ಮನಿಯ ವೈದ್ಯ ಆಲ್‌ಝೈಮರ್ 1906ರಲ್ಲಿ ವಿವರಿಸಿದನು. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಜನ ಮರೆವಿನ ರೋಗದಿಂದ ಬಳಲುತ್ತಿರುವರೆಂದು 2023ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಕೆಲವರ ಮರೆವಿಗೆ ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ ಮುಂತಾದವು ಕಾರಣವಾಗಿರುವುದುಂಟು; ಅವಕ್ಕೆ ಚಿಕಿತ್ಸೆಯಿದೆ. ಆದ್ದರಿಂದ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇನ್ನು ರೋಗಿಯ ಅಂತರಂಗವನ್ನು ವಿಚಾರಿಸೋಣ. ಸಾಮಾನ್ಯವಾಗಿ ಇಂದಿನ ಸಂಗತಿ ಮೊದಲು ಅಳಿಯುತ್ತದೆ, ಹಿಂದಿನದು ಬಹುಕಾಲ ಉಳಿಯುತ್ತದೆ. ದಾವಣಗೆರೆಯ ಹತ್ತಿಗಿರಣಿಗಳು ಬಹುಪಾಲು ಮುಚ್ಚಿಹೋಗಿವೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತುಹೋಗಿದೆ. ಆದರೂ ಅಲ್ಲಿ ದುಡಿದ ಹಿರಿಯರೊಬ್ಬರು ಬೆಳಗಿನ ಜಾವದಲ್ಲೆದ್ದು, ಪಾಳಿಗೆ ಹೊತ್ತಾಯಿತೆಂದು ಬುತ್ತಿ ಕೇಳಿದರೆ ಅದನ್ನು ಹುಚ್ಚೆನ್ನಬಾರದು. ಅವರ ಪಾಲಿಗೆ ಗಿರಣಿ ಇನ್ನೂ ನಡೆಯುತ್ತಿದೆ. ಸಂಜೆಯಾದೊಡನೆ, ತಮ್ಮ ಮನೆಯಲ್ಲಿಯೇ ಕುಳಿತು 'ಮನೆಗೆ ಹೋಗುತ್ತೇನೆ' ಎನ್ನುವವರುಂಟು. ಅವರು ಅರಸುವುದು ಗೋಡೆ ಮಾಡುಗಳನ್ನಲ್ಲ, ಕಳೆದುಹೋದ ನೆಮ್ಮದಿಯನ್ನು. ಗುರುತು ಸಿಗದ ಮುಖಗಳ ನಡುವೆ ಇರುವಾತನ ಭಯವನ್ನು ಊಹಿಸಿರಿ. ಗದರಿದ ಮಾತನ್ನು ಆತ ಮರೆಯಬಹುದು. ಅದರ ನೋವು ಮಾತ್ರ ಎದೆಯಲ್ಲಿ ಉಳಿದುಬಿಡುತ್ತದೆ. ಪ್ರೀತಿಯ ಸ್ಪರ್ಶದ ಹಿತವೂ ಹಾಗೆಯೇ ಉಳಿಯುತ್ತದೆ.

ಅನುದಿನದ ಆಚರಣೆಯಿಂದ ಕೈಗೆ ಬಂದ ಪಾಠ ಬೇಗನೆ ಅಳಿಯದು. ಮಕ್ಕಳ ಹೆಸರನ್ನು ಮರೆತ ಮೇಲೂ ಬೆರಳುಗಳು ವಿಭೂತಿಯನ್ನು ಧರಿಸಬಲ್ಲವು. ಎಳವೆಯಲ್ಲಿ ಕಲಿತ ವಚನ ನಾಲಗೆಗೆ ಬರಬಲ್ಲದು. ಮುಗಿದ ಪೂಜೆಯನ್ನು ಮತ್ತೆ ಬಯಸಿದರೆ 'ಆಗಲೇ ಆಯಿತಲ್ಲ' ಎಂದು ವಾದಿಸದೆ, ಇಷ್ಟಲಿಂಗವನ್ನು ಅವರ ಅಂಗೈಯಲ್ಲಿರಿಸಿ ಜೊತೆಗೆ ಕುಳಿತುಕೊಳ್ಳಿರಿ. ಎರಡನೆಯ ಸಲದ ಪೂಜೆಯಿಂದ ಲಿಂಗಕ್ಕೆ ಬೇಸರವಾಗದು, ಬೇಸರ ನಮ್ಮದು.

ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಸ್ವಾಮಿಗಳೂ ಹರ್ಡೇಕರ ಮಂಜಪ್ಪನವರೂ 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದರು. ಮಹಾತ್ಮನೊಬ್ಬನ ನೆನಹನ್ನು ಊರೆಲ್ಲವೂ ಕೂಡಿ ಹೊರುವ ಪರಿಯದು. ಮನೆಯ ಹಿರಿಯರ ನೆನಹನ್ನೂ ಮನೆಯವರೆಲ್ಲ ಹಾಗೆಯೇ ಹೊರಬೇಕು. ಆ ಭಾರವನ್ನು ಸೊಸೆಯೊಬ್ಬಳ ಮೇಲೆಯೇ ಹೊರಿಸದೆ ನೆರೆಯವರೂ ಬಂಧುಗಳೂ ಹಂಚಿಕೊಳ್ಳಬೇಕು. ದಾಸೋಹವೆಂದರೆ ಅನ್ನವನ್ನು ನೀಡುವುದಷ್ಟೇ ಅಲ್ಲ. ಹೆಸರನ್ನು ಮರೆತವರನ್ನು ಹೆಸರು ಹಿಡಿದು ಅಕ್ಕರೆಯಿಂದ ಕರೆಯುವುದೂ ದಾಸೋಹವೇ. ಅವರು ನಮ್ಮನ್ನು ಮರೆತಿರಬಹುದು. ನಾವು ಅವರನ್ನು ಮರೆತರೆ, ಶರಣರು ಎಚ್ಚರಿಸಿದ ಮರೆವು ನಮ್ಮಲ್ಲಿಯೇ ಇದೆಯೆಂದು ತಿಳಿಯಬೇಕು.