ಬಾಬಾಸಾಹೇಬರ ಮನೆಯ ಟಾಬಿ, ನಮ್ಮ ಮನೆಯ ನಾಯಿ ಬೆಕ್ಕು



ಇಂದಿನ ಧಮ್ಮ ಚಿಂತನೆಯನ್ನು ಒಂದು ಫೋಟೊದಿಂದ ಶುರು ಮಾಡೋಣ. 1934ರ ಫೆಬ್ರುವರಿಯಲ್ಲಿ ಮುಂಬೈನ ರಾಜಗೃಹದಲ್ಲಿ ತೆಗೆದದ್ದು. ನಿಮ್ಮಲ್ಲಿ ಅನೇಕರು ನೋಡಿದ್ದೀರಿ, ಕೆಲವರ ಮನೆಯ ಗೋಡೆಯ ಮೇಲೂ ಇದೆ. ಮಗ ಯಶವಂತ, ಬಾಬಾಸಾಹೇಬರು, ಮಾತೆ ರಮಾಬಾಯಿ, ಅತ್ತಿಗೆ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದ. ಇಷ್ಟು ಜನರ ಹೆಸರನ್ನು ನಮ್ಮ ಮಕ್ಕಳೂ ಹೇಳುತ್ತಾರೆ. ಆದರೆ ಆ ಫೋಟೊದಲ್ಲಿ ಇನ್ನೊಂದು ಜೀವವೂ ಇದೆ. ಅದರ ಹೆಸರು ಟಾಬಿ, ಬಾಬಾಸಾಹೇಬರ ಅಚ್ಚುಮೆಚ್ಚಿನ ನಾಯಿ. ಮನೆಮಂದಿಯೆಲ್ಲ ಫೋಟೊಗೆ ಸೇರಿದಾಗ ಅದಕ್ಕೂ ಒಂದು ಜಾಗ ಸಿಕ್ಕಿತು.

ಇದಕ್ಕೂ ಎರಡೂವರೆ ವರ್ಷ ಹಿಂದೆ, 1931ರ ಆಗಸ್ಟ್ 14ರಂದು, ಇದೇ ಬಾಬಾಸಾಹೇಬರು ಮುಂಬೈನ ಮಣಿಭವನದಲ್ಲಿ ಗಾಂಧೀಜಿಯವರ ಎದುರು ಕುಳಿತು ನನಗೆ ತಾಯ್ನಾಡಿಲ್ಲ ಎಂದಿದ್ದರು. ನಾಯಿ ಬೆಕ್ಕುಗಳಿಗಿಂತ ಕಡೆಯಾಗಿ ನಮ್ಮನ್ನು ಕಾಣುವ, ಕುಡಿಯಲು ನೀರನ್ನೂ ಕೊಡದ ನೆಲವನ್ನು, ಧರ್ಮವನ್ನು ನನ್ನದೆಂದು ಹೇಗೆ ಹೇಳಲಿ ಎಂಬುದು ಅವರ ಪ್ರಶ್ನೆಯಾಗಿತ್ತು. ಅದು ಮಾತಿನ ಅಲಂಕಾರವಾಗಿರಲಿಲ್ಲ. ಮಹಾಡದ ಚವದಾರ್ ಕೆರೆಯಲ್ಲಿ ದನ ಕರು ನಾಯಿಗಳು ಬಾಯಿ ಹಾಕಿ ಕುಡಿಯುತ್ತಿದ್ದ ನೀರನ್ನು ನಮ್ಮವರು ಮುಟ್ಟಲು 1927ರ ಮಾರ್ಚ್ 20ರವರೆಗೆ ಕಾಯಬೇಕಾಯಿತು. ಮುಟ್ಟಿದ ಮೇಲೆ ಏಟೂ ತಿನ್ನಬೇಕಾಯಿತು.

ನಾಯಿ ಬೆಕ್ಕಿಗಿಂತ ಕಡೆಯಾಗಿ ಕಂಡರು ಎಂದು ಹೇಳಿದವರೇ ಮನೆಯಲ್ಲಿ ನಾಯಿ ಸಾಕಿದರು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಈ ಪ್ರಶ್ನೆ ನಾನು ಹುಟ್ಟುಹಾಕಿದ್ದಲ್ಲ. ಗುಬ್ಬಿ ಕಡೆಯ ಹಿರಿಯ ಉಪಾಸಿಕೆಯೊಬ್ಬರು ವಂದನೆ ಮುಗಿದ ಮೇಲೆ ಎತ್ತಿದ್ದು. ಅವರ ಮೊಮ್ಮಗಳು ಒಂದು ನಾಯಿಮರಿ ತಂದು ಒಳಮನೆಯಲ್ಲೇ ಮಲಗಿಸಿಕೊಳ್ಳುತ್ತಾಳೆ. "ಅಲ್ಲ ಕಣಪ್ಪಾ, ನಾನು ಕೂಲಿಗೆ ಹೋಗ್ತಿದ್ದ ಮನೇಲಿ ಅವರ ನಾಯಿ ಪಡಸಾಲೇಲಿ ಮಲಗಿರ್ತಿತ್ತು. ನಾನು ಅಂಗಳದಲ್ಲಿ ನಿಂತ್ಕೊಂಡು ಕೂಲಿ ಈಸ್ಕೊತಿದ್ದೆ. ಈಗ ನನ್ನ ಮನೆ ಒಳಕ್ಕೂ ನಾಯಿನೇ ಬಿಟ್ಕೊ ಅಂತೀರಲ್ಲ" ಎಂದರು. ಓದಿದ ಹುಡುಗರು ಯಾರೂ ಬಾಯಿ ಬಿಡಲಿಲ್ಲ. ಬಿಡದಿದ್ದದ್ದೇ ಒಳ್ಳೆಯದಾಯಿತು. ಆ ಅಜ್ಜಿಗೆ ಪ್ರಾಣಿದಯೆಯ ಪಾಠ ಹೇಳುವ ಯೋಗ್ಯತೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಅವರ ಮಾತನ್ನು ಇನ್ನೊಮ್ಮೆ ಓದಿ ನೋಡಿ. ಅದರಲ್ಲಿ ನಾಯಿಯ ಮೇಲೆ ದೂರಿಲ್ಲ. ನಾಯಿ ಅವರನ್ನು ಅಂಗಳದಲ್ಲಿ ನಿಲ್ಲಿಸಲಿಲ್ಲ. ಪಡಸಾಲೆಯ ಗೆರೆ ಎಳೆದದ್ದು ಮನುಷ್ಯರು. ನಾಯಿಗೆ ಜಾತಿ ಗೊತ್ತಿಲ್ಲ, ಎ.ಕೆ. ಕಾಲೋನಿಯ ಕೈಯಿಂದ ಬಿದ್ದ ಮುದ್ದೆಯನ್ನೂ ಮೇಲುಕೇರಿಯ ಕೈಯಿಂದ ಬಿದ್ದ ಮುದ್ದೆಯನ್ನೂ ಅದು ಒಂದೇ ಬಾಲದಿಂದ ಸ್ವೀಕರಿಸುತ್ತದೆ. ಬಾಬಾಸಾಹೇಬರ ಸಿಟ್ಟು ಕೂಡ ಗೆರೆ ಎಳೆದವರ ಮೇಲಿತ್ತು. ಆದ್ದರಿಂದಲೇ ಟಾಬಿಗೆ ರಾಜಗೃಹದಲ್ಲಿ ಜಾಗವಿತ್ತು.

"ಬುದ್ಧ ಮತ್ತು ಆತನ ಧಮ್ಮ" ಓದುವಾಗ ಕರುಣೆ ಮತ್ತು ಮೈತ್ರಿ ಎರಡೂ ಒಂದೇ ಎಂದು ದಾಟಿಹೋಗುವವರಿದ್ದಾರೆ. ಬಾಬಾಸಾಹೇಬರು ಅವನ್ನು ಬೇರೆಬೇರೆಯಾಗಿಯೇ ಇಟ್ಟಿದ್ದಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಬುದ್ಧರು ಅಲ್ಲಿಗೆ ನಿಲ್ಲಲಿಲ್ಲ, ಮೈತ್ರಿಗೆ ಹೋದರು. ಮೈತ್ರಿ ಜೀವಿಗಳೆಲ್ಲದರ ಮೇಲಿನ ಪ್ರೀತಿ. ಇಲ್ಲಿ ಕ್ರಮ ಮುಖ್ಯ. ಮನುಷ್ಯರನ್ನು ಬಿಟ್ಟು ಪ್ರಾಣಿಗಳಿಗೆ ಹಾರುವ ದಾರಿ ಇದರಲ್ಲಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲೂ ಇದೇ ಕ್ರಮ ಕಾಣುತ್ತದೆ. ಮನುಷ್ಯರೆಲ್ಲ ಸಮಾನರೆಂಬುದು 9ನೆಯದು. ಆ ಸಮಾನತೆಯನ್ನು ಸ್ಥಾಪಿಸಲು ದುಡಿಯುತ್ತೇನೆಂಬುದು 10ನೆಯದು. ಸಕಲ ಜೀವಿಗಳ ಮೇಲೆ ದಯೆಯಿಟ್ಟು ಕಾಪಾಡುತ್ತೇನೆಂಬುದು 13ನೆಯದು. ತುಮಕೂರಿನ ಹೊಸ ಬಡಾವಣೆಗಳ ಕೆಲವು ಮನೆಗಳಲ್ಲಿ ನಾಯಿ ಸೋಫಾದ ಮೇಲೆ ಮಲಗುತ್ತದೆ, ನೆಲ ಒರೆಸುವ ಹೆಂಗಸಿಗೆ ಟೀ ಕೊಡುವ ಲೋಟ ಮಾತ್ರ ಸಿಂಕಿನ ಕೆಳಗೆ ಬೇರೆ ಇರುತ್ತದೆ. ಅಲ್ಲಿರುವುದು ನಾಯಿಪ್ರೀತಿ. ಅದನ್ನು ಮೈತ್ರಿ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಹಾಗೆಂದು ಆ ಮನೆಯವರ ಮೇಲಿನ ಕೋಪಕ್ಕೆ ನಮ್ಮ ಬೀದಿಯ ನಾಯಿಗೆ ಕಲ್ಲು ಹೊಡೆದರೆ, 9 ಮತ್ತು 10ನ್ನು ನೆನಪಿಟ್ಟುಕೊಂಡು 13ನ್ನು ಮರೆತಂತೆ.

2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಬಂದಾಗ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ಜಗಳವೋ ಜಗಳ. ಆಗ ನೆನಪಾಗಬೇಕಿದ್ದದ್ದು ಕುಕ್ಕುರ ಜಾತಕ, ಜಾತಕಗಳ ಸಾಲಿನಲ್ಲಿ 22ನೆಯದು. ಬೋಧಿಸತ್ವನ ಹಿಂದಿನ ಜನ್ಮ ಎಂಬುದನ್ನು ಇದ್ದಂತೆಯೇ ನಂಬಬೇಕಾಗಿಲ್ಲ. ಆತ್ಮದ ಪುನರ್ಜನ್ಮವನ್ನು ಬಾಬಾಸಾಹೇಬರು ಒಪ್ಪಲಿಲ್ಲ, ನಾವೂ ಒಪ್ಪುವುದಿಲ್ಲ. ಕತೆಯನ್ನು ಕತೆಯಾಗಿ ಕೇಳಿ. ವಾರಾಣಸಿಯ ರಾಜನ ರಥ ಒಂದು ರಾತ್ರಿ ಅಂಗಳದಲ್ಲೇ ಉಳಿದು ಮಳೆಗೆ ನೆನೆಯಿತು. ಅದರ ತೊಗಲಿನ ಪಟ್ಟಿಗಳನ್ನು ನಾಯಿಗಳು ಕಡಿದು ತಿಂದವು. ಹೊರಗಿನ ನಾಯಿಗಳು ನುಗ್ಗಿ ತಿಂದಿವೆ ಎಂದು ಸೇವಕರು ದೂರಿದರು. ಕಂಡಲ್ಲಿ ನಾಯಿಗಳನ್ನು ಕೊಲ್ಲಿ ಎಂದು ರಾಜ ಆಜ್ಞೆ ಮಾಡಿದ. ಆಗ ಸುಡುಗಾಡಿನಲ್ಲಿ ವಾಸವಿದ್ದ ನಾಯಿಗಳ ಮುಖಂಡ ಒಂಟಿಯಾಗಿ ಅರಮನೆಗೆ ನಡೆದು ಕೇಳಿತು: ಎಲ್ಲ ನಾಯಿಗಳನ್ನೂ ಕೊಲ್ಲಿಸುತ್ತಿದ್ದೀಯಾ? ಅರಮನೆಯ ನಾಯಿಗಳನ್ನು ಬಿಟ್ಟು ಎಂದ ರಾಜ. ಹಾಗಾದರೆ ಇದು ನ್ಯಾಯವಲ್ಲ, ದುರ್ಬಲರ ಕೊಲೆ ಎಂದಿತು ಆ ನಾಯಿ. ಅರಮನೆಯ ನಾಯಿಗಳಿಗೆ ಮಜ್ಜಿಗೆಯಲ್ಲಿ ದರ್ಭೆ ಅರೆದು ಕುಡಿಸಿದಾಗ ಅವು ತೊಗಲನ್ನು ಕಕ್ಕಿದವು.

ತಪ್ಪು ಒಳಗಿನವರದು, ಶಿಕ್ಷೆ ಸುಡುಗಾಡಿನವರಿಗೆ. ಈ ಕತೆ ನಮ್ಮ ಜನಕ್ಕೆ ಹೊಸದಲ್ಲ, ಪಾತ್ರಗಳಷ್ಟೇ ಬೇರೆ.

ಈಗ ಮನೆಯೊಳಕ್ಕೆ ಬರೋಣ. ನಮ್ಮ ಮನೆಯಲ್ಲಿ ಒಂದು ನಾಯಿ, ಎರಡು ಬೆಕ್ಕು. ಬೆಳಿಗ್ಗೆ ತ್ರಿಶರಣ ಪಂಚಶೀಲ ಹೇಳಲು ಕುಳಿತರೆ ಮೂರಕ್ಕೂ ಗೊತ್ತಾಗುತ್ತದೆ. ನಾಯಿ ಹೊಸ್ತಿಲ ಮೇಲೆ ಗದ್ದ ಊರಿ ಮಲಗುತ್ತದೆ. ದೊಡ್ಡ ಬೆಕ್ಕು ತೊಡೆ ಏರಿ ಗುರುಗುಟ್ಟುತ್ತದೆ. ಚಿಕ್ಕದು ಒಮ್ಮೆ, ಸರಿಯಾಗಿ ಪಾಣಾತಿಪಾತದ ಹೊತ್ತಿಗೆ, ಕತ್ತು ಮುರಿದ ಇಲಿಯನ್ನು ತಂದು ಬುದ್ಧರ ಪಟದ ಮುಂದೆ ಇಟ್ಟು ನಮ್ಮ ಮುಖ ನೋಡಿತು! ಮಕ್ಕಳು ನಕ್ಕು ನಕ್ಕು ವಂದನೆ ಅಲ್ಲಿಗೇ ನಿಂತಿತು.

ಆಮೇಲೆ ಮಗಳು ಕೇಳಿದಳು, ಬೆಕ್ಕಿಗೆ ಶೀಲ ಇಲ್ಲವೇ? ಇಲ್ಲ. ಶೀಲ ಇರುವುದು ಯೋಚಿಸಿ ಮಾಡುವವರಿಗೆ. ಅಹಿಂಸೆಯನ್ನು ಬಾಬಾಸಾಹೇಬರು ಕುರುಡು ಕಟ್ಟಳೆ ಎಂದು ಹೇಳಲಿಲ್ಲ, ವಿವೇಚಿಸಿ ನಡೆಯಬೇಕಾದ ತತ್ವ ಎಂದರು. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಬಯಕೆ ಬೇರೆ ಎಂದು ಬಿಡಿಸಿ ತೋರಿಸಿದರು. ಬೆಕ್ಕಿನ ದೇಹಕ್ಕೆ ಮಾಂಸ ಬೇಕೇಬೇಕು. ಬರೀ ಹಾಲು ಅನ್ನದಲ್ಲಿ ಅದು ಸೊರಗುತ್ತದೆ, ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದೂ ಇಲ್ಲ. ಬೌದ್ಧರಾದೆವು, ಇನ್ನು ಮನೆಯ ಬೆಕ್ಕೂ ಸಸ್ಯಾಹಾರಿಯಾಗಲಿ ಎಂದು ಹೊರಟವರೊಬ್ಬರು ಕುಣಿಗಲ್ ಕಡೆ ಇದ್ದಾರೆ. ಅವರಿಗೆ ನನ್ನ ವಿನಂತಿ, ಮೀನಿನ ತಲೆ ಬೇಯಿಸಿ ಹಾಕಿ, ಅದರಲ್ಲಿ ಪಾಪ ಹುಡುಕಬೇಡಿ. ನಾಯಿಗೆ ರಾಗಿ ಮುದ್ದೆ ನಡೆಯುತ್ತದೆ, ಆದರೆ ಅದೊಂದೇ ಸಾಲದು, ಮೊಟ್ಟೆಯೋ ಮಾಂಸವೋ ಜೊತೆಗಿರಲಿ. ಈರುಳ್ಳಿ ಬೆಂದ ಸಾರು, ಚಾಕೊಲೇಟು ಬೇಡ. ಬೆಂದ ಕೋಳಿಮೂಳೆ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ.

ಇಲಿಯ ವಿಷಯದಲ್ಲಿ ನಾವು ಯೋಚಿಸಬೇಕಾದದ್ದು ಬೇರೆ ಇದೆ. ಇಲಿಪಾಷಾಣ ಇಡುವುದು ಬೆಕ್ಕಲ್ಲ, ನಾವು. ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದು ಅದೂ ಸಾಯುತ್ತದೆ. ರಾಗಿ ಮೂಟೆಯನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಟ್ಟು, ಬಿಲ ಮುಚ್ಚಿದರೆ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧ ಬೆಕ್ಕಿಗೆ ಬಿಡಿ.

ನಾಯಿಯನ್ನು ಕಟ್ಟಿಹಾಕುವ ವಿಚಾರ. ತೋಟದ ಮನೆಗಳಲ್ಲಿ ಹಗಲೂ ರಾತ್ರಿ ತೆಂಗಿನ ಬುಡಕ್ಕೆ ಒಂದೇ ಸರಪಳಿಯಲ್ಲಿ ಬಿಗಿದಿರುತ್ತಾರೆ. ಕಾವಲಿಗೆ ಎನ್ನುತ್ತಾರೆ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಬಲಿಯಾದದ್ದನ್ನು ಯಾರೂ ಮರೆತಿಲ್ಲ. ಅದರಲ್ಲಿ ಪುಟ್ಟ ಮಕ್ಕಳೂ ಇದ್ದರು. ಚಿರತೆ ಮನೆಯ ಹತ್ತಿರ ಬರುವುದು ಹೆಚ್ಚಾಗಿ ನಾಯಿಗಾಗಿ. ಹೊರಗೆ ಕಟ್ಟಿದ ನಾಯಿಗೆ ಓಡಲೂ ಆಗುವುದಿಲ್ಲ, ಕಾಯಲೂ ಆಗುವುದಿಲ್ಲ. ಅದು ಚಿರತೆಗೆ ಬಡಿಸಿಟ್ಟ ತಟ್ಟೆ, ಮಕ್ಕಳಿರುವ ಮನೆಯ ಬಾಗಿಲಲ್ಲೇ. ಕತ್ತಲಾಗುವ ಮೊದಲು ಒಳಗೆ ಕರೆದುಕೊಳ್ಳಿ, ಇಲ್ಲವೇ ಬಾಗಿಲಿರುವ ಗಟ್ಟಿ ಗೂಡು ಮಾಡಿಸಿ. ಗುಬ್ಬಿಯ ಅಜ್ಜಿಯೂ ಈಗ ಸಂಜೆಯಾದರೆ ಮರಿಯನ್ನು ಒಳಕ್ಕೆ ಕೂಗುತ್ತಾರೆ. "ಮೈತ್ರಿಗೀತ್ರಿ ಏನಿಲ್ಲ, ಚಿರತೆ ಬಂದಾತು ಅಂತ" ಎಂದು ಅವರೇ ಸ್ಪಷ್ಟಪಡಿಸಿದ್ದಾರೆ.

ಇನ್ನೊಂದನ್ನು ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯಬೇಕು. ನಾಯಿ ಈದಾಗ ಗಂಡು ಮರಿಗಳನ್ನು ಕೇಳಿಕೊಂಡು ಬರುತ್ತಾರೆ. ಹೆಣ್ಣು ಮರಿಗಳು ಗೋಣಿಚೀಲ ಸೇರಿ ಕೆರೆ ಏರಿಯ ಮೇಲೋ ಸಂತೆ ಮೈದಾನದಲ್ಲೋ ಬೀಳುತ್ತವೆ. ಬೆಕ್ಕಿನ ಮರಿಗಳದೂ ಇದೇ ಪಾಡು. ಕಣ್ಣು ಬಿಡದ ಮರಿಯನ್ನು ತಾಯಿಯಿಂದ ಕಿತ್ತು ಎಸೆಯುವುದು ಕೊಲ್ಲುವುದೇ. ಕೈಗೆ ರಕ್ತ ಅಂಟಿಲ್ಲ ಅಷ್ಟೇ. ಹೆಣ್ಣೆಂಬ ಕಾರಣಕ್ಕೆ ಎಸೆಯುವ ಬುದ್ಧಿ ಎಲ್ಲಿಂದ ಬಂತೆಂದು ನಮಗೆ ಗೊತ್ತು. ಅದನ್ನು ಬಿಟ್ಟು ಬಂದವರು ನಾವು. ನಾಯಿ, ಬೆಕ್ಕು ಎರಡೂ ಸುಮಾರು ಒಂಬತ್ತು ವಾರಕ್ಕೆ ಈಯುತ್ತವೆ. ಬೆಕ್ಕಂತೂ ಐದಾರು ತಿಂಗಳಿಗೇ ಗರ್ಭ ಕಟ್ಟಬಲ್ಲದು. ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಶೀಲಭಂಗವೇ ಎಂದು ಕೇಳುವವರಿದ್ದಾರೆ. ವರ್ಷಕ್ಕೆ ಎರಡು ಸಲ ಚೀಲ ಹೊರುವುದಕ್ಕಿಂತ ಒಮ್ಮೆ ಪಶುವೈದ್ಯರ ಹತ್ತಿರ ಹೋಗುವುದು ಶೀಲಕ್ಕೆ ಹತ್ತಿರ ಎಂಬುದು ನನ್ನ ಅಭಿಪ್ರಾಯ.

ಬೆಕ್ಕು ಅಡ್ಡ ಬಂದರೆ ನಿಲ್ಲುವುದು, ನಾಯಿ ಊಳಿಟ್ಟರೆ ಸಾವು ಎನ್ನುವುದು ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಹೋಗಿದೆ. ಹೋಗದೆ ಉಳಿದಿರುವುದು ನಾಯಿ ಕಚ್ಚಿದಾಗ ಸುಣ್ಣ, ಅರಿಶಿನ, ಮೆಣಸಿನಪುಡಿ ಮೆತ್ತಿ ಮಂತ್ರ ಹಾಕಿಸುವುದು. ಕಾಲಾಮ ಸುತ್ತವನ್ನು ಬಾಯಿಪಾಠ ಮಾಡಿದವರ ಮನೆಯಲ್ಲೂ ಇದು ನಡೆಯುತ್ತದೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿ ಇಲ್ಲ. ಆದರೆ 1885ರಲ್ಲಿ ಲೂಯಿ ಪಾಶ್ಚರ್ ಒಬ್ಬ ಹುಡುಗನಿಗೆ ಲಸಿಕೆ ಕೊಟ್ಟು ಉಳಿಸಿದಾಗಿನಿಂದ ತಡೆಯುವ ದಾರಿ ಇದೆ. ಕಚ್ಚಿದ, ಪರಚಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಹದಿನೈದು ನಿಮಿಷ ಅಂದರೆ ಗಡಿಯಾರ ನೋಡಿಕೊಂಡು. ಆಮೇಲೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಮೊದಲ ಸೂಜಿಯ ನಂತರ ನೋವಿಲ್ಲ ಎಂದು ಬಿಟ್ಟುಬಿಡದೆ ವೈದ್ಯರು ಬರೆದುಕೊಟ್ಟ ಅಷ್ಟೂ ದಿನ ಹೋಗಬೇಕು. ಗಾಯದಿಂದ ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ. ಬೆಕ್ಕು ಪರಚಿದರೂ ಇದೇ ಕ್ರಮ. ಮನೆಯ ನಾಯಿಯೇ ತಾನೇ ಎಂಬ ಸಮಾಧಾನ ಬೇಡ. ಮಕ್ಕಳು ಬೈಗುಳಕ್ಕೆ ಹೆದರಿ ಕಚ್ಚಿದ್ದನ್ನು ಮುಚ್ಚಿಡುತ್ತಾರೆ. ಹೇಳಿದರೆ ಬೈಯುವುದಿಲ್ಲ ಎಂದು ಇವತ್ತೇ ಅವರಿಗೆ ತಿಳಿಸಿ.

ಮರಿಗೆ ಮೂರು ತಿಂಗಳಾದಾಗ ಮೊದಲ ರೇಬೀಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಬೆಕ್ಕಿಗೂ ಹಾಕಿಸಬೇಕು, ಅದನ್ನು ಎಲ್ಲರೂ ಮರೆಯುತ್ತಾರೆ. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಸರ್ಕಾರಿ ಪಶು ಆಸ್ಪತ್ರೆ ಇದೆ. ಬೀದಿಯಲ್ಲಿ ನೀವು ದಿನವೂ ಅನ್ನ ಹಾಕುವ ನಾಯಿ ಇದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ. ಭಾನುವಾರ ವಂದನೆಗೆ ಬರುವಾಗ ನಿಮ್ಮ ಮನೆಯಲ್ಲಿ ಎಷ್ಟು ನಾಯಿ, ಎಷ್ಟು ಬೆಕ್ಕು, ಲಸಿಕೆ ಹಾಕಿಸಿ ಎಷ್ಟು ದಿನವಾಯಿತು ಎಂದು ಒಂದು ಚೀಟಿಯಲ್ಲಿ ಬರೆದು ತನ್ನಿ. ಎಲ್ಲರೂ ಒಂದೇ ದಿನ ಹೋದರೆ ಆಟೋ ಖರ್ಚು ಹಂಚಿಕೊಳ್ಳಬಹುದು. ಬೆಕ್ಕನ್ನು ಕೈಯಲ್ಲಿ ಹಿಡಿದು ತರಬೇಡಿ, ಕಿಂಡಿ ಇರುವ ಬುಟ್ಟಿಯಲ್ಲಿ ತನ್ನಿ.

ಸಾಧು, ಸಾಧು, ಸಾಧು. ಜೈ ಭೀಮ್.