ಬಿಸಿಲಿಗೊಡ್ಡಿದ ಭಿತ್ತಿಚಿತ್ರ

ಅಮೆರಿಕದ ಲಾಸ್ ಏಂಜಲೀಸ್ ನಗರದ ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ ಟುಹುಂಗಾ ವಾಷ್ ಎಂಬ ಹಳ್ಳವೊಂದುಂಟು. ನೆರೆ ಬಂದಾಗ ಊರಿಗೆ ಹಾನಿಯಾಗದಿರಲೆಂದು ಅದರ ಇಕ್ಕೆಲಗಳಲ್ಲಿ ಕಾಂಕ್ರೀಟಿನ ಗೋಡೆಗಳನ್ನು ಕಟ್ಟಿ ಹಳ್ಳವನ್ನು ಕಾಲುವೆಯನ್ನಾಗಿ ಮಾರ್ಪಡಿಸಿರುವರು. ಈ ಗೋಡೆಯ ಮೇಲೆ 2,754 ಅಡಿ ಉದ್ದದ, ಸುಮಾರು 13 ಅಡಿ ಎತ್ತರದ ಚಿತ್ರವೊಂದಿದೆ. ‘ಲಾಸ್ ಏಂಜಲೀಸಿನ ಮಹಾಗೋಡೆ’ ಎಂದು ಅದಕ್ಕೆ ಹೆಸರು. ಜೂಡಿತ್ ಬಾಕಾ ಎಂಬ ಚಿತ್ರಕಾರ್ತಿಯ ನೇತೃತ್ವದಲ್ಲಿ 1976ರಲ್ಲಿ ಬಣ್ಣ ಹಚ್ಚುವ ಕೆಲಸ ಮೊದಲಾಗಿ, 1980ರ ದಶಕದ ಆರಂಭದವರೆಗೆ ಹಲವು ಬೇಸಗೆಗಳಲ್ಲಿ ಮುಂದುವರಿಯಿತು. ಆ ಸೀಮೆಯಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಗೆಯಲ್ಲಿ ಕಾಲುವೆಯ ತಳ ಒಣಗಿರುವುದರಿಂದ ಅಲ್ಲಿ ನಿಂತು ಕೆಲಸ ಮಾಡಬಹುದು.

ಇದು ಒಬ್ಬರ ಕೃತಿಯಲ್ಲ. ನಗರದ ನಾನಾ ಜನಾಂಗಗಳಿಗೆ ಸೇರಿದ 400ಕ್ಕೂ ಹೆಚ್ಚು ತರುಣ ತರುಣಿಯರು ಇದರಲ್ಲಿ ಕೈಹಾಕಿದರು; ಅವರ ಕುಟುಂಬದವರೂ ನೆರವಾದರು. ಆದಿವಾಸಿಗಳಾದ ಚುಮಾಶರು, ರೈಲುಹಾದಿ ಹಾಕಿದ ಚೀನೀಯರು, ಎರಡನೆಯ ಮಹಾಯುದ್ಧಕಾಲದಲ್ಲಿ ಶಿಬಿರಗಳಿಗೆ ಅಟ್ಟಲ್ಪಟ್ಟ ಜಪಾನೀ ಮೂಲದ ಪ್ರಜೆಗಳು, ಹೆದ್ದಾರಿಗಳಿಂದಾಗಿ ಸೀಳಿಹೋದ ಮೆಕ್ಸಿಕನ್ ಕೇರಿಗಳು - ಪಠ್ಯಪುಸ್ತಕಗಳಲ್ಲಿ ಎಡೆ ದೊರೆಯದಿದ್ದ ಇಂತಹವರ ಚರಿತ್ರೆ ಇಲ್ಲಿ ಗೋಡೆಗೇರಿದೆ. ಈ ಚರಿತ್ರೆ ಇನ್ನೆಷ್ಟು ಕಾಲ ಕಣ್ಣಿಗೆ ಕಂಡೀತು? ಭೌತಶಾಸ್ತ್ರದ ಅಧ್ಯಾಪಕನಿಗೆ ಚಿತ್ರಕಲೆಯ ಗೊಡವೆಯೇಕೆಂದು ವಾಚಕರು ಕೇಳಬಹುದು. ಆದರೆ ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವೇ.

ಮೊದಲು, ಚಿತ್ರಕಲೆ ಕಲಿಯದ ನೂರಾರು ಜನ ಸೇರಿ ಒಂದೇ ಚಿತ್ರವನ್ನು ಬರೆಯುವುದೆಂತು? ಇಂತಹ ಕೆಲಸಗಳಲ್ಲಿ ವಾಡಿಕೆಯಾದ ಉಪಾಯ ಚೌಕುಳಿ. ಕಾಗದದ ಮೇಲಿನ ಸಣ್ಣ ನಕ್ಷೆಯನ್ನು ಒಂದಂಗುಲದ ಚೌಕಗಳಾಗಿ ಭಾಗಿಸಿ, ಗೋಡೆಯನ್ನು ಒಂದಡಿಯ ಚೌಕಗಳಾಗಿ ಭಾಗಿಸಿದರೆ, ಉದ್ದವು 12 ಪಟ್ಟು, ವಿಸ್ತೀರ್ಣವು 144 ಪಟ್ಟು ಹಿಗ್ಗುವುದು. ಪ್ರತಿಯೊಬ್ಬನೂ ತನ್ನ ಪಾಲಿನ ಚೌಕದಲ್ಲಿರುವ ಗೆರೆಗಳನ್ನಷ್ಟೇ ನೋಡಿ ಬರೆದರಾಯಿತು. ಇದರಲ್ಲೊಂದು ಸೊಗಸುಂಟು. ಮೋಟುಗೋಲಿನಿಂದ ಉದ್ದನೆಯ ಗೋಡೆಯನ್ನು ಅಳೆಯುತ್ತ ಹೋದರೆ ಪ್ರತಿ ಅಳತೆಯ ತಪ್ಪೂ ಮುಂದಿನದಕ್ಕೆ ಕೂಡಿಕೊಳ್ಳುತ್ತ ಬೆಳೆಯುವುದು. ಚೌಕುಳಿಯಲ್ಲಾದರೋ ಒಬ್ಬನ ತಪ್ಪು ಅವನ ಚೌಕದೊಳಗೇ ಉಳಿಯುವುದು. ಚುಕ್ಕಿಯಿಟ್ಟು ರಂಗೋಲಿ ಹಾಕುವ ನಮ್ಮ ಹೆಣ್ಣುಮಕ್ಕಳಿಗೆ ಈ ತತ್ತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಇನ್ನು ಬಣ್ಣ. ಮಹಾಗೋಡೆಯ ವಿಸ್ತೀರ್ಣವನ್ನು ಗುಣಿಸಿ ನೋಡಿದರೆ ಸುಮಾರು 3,300 ಚದರ ಮೀಟರುಗಳಾಗುವುದು. ಒಣಗಿದ ಬಣ್ಣದ ಪೊರೆ ಮಿಲಿಮೀಟರಿನ 20ರಲ್ಲೊಂದು ಭಾಗದಷ್ಟು ದಪ್ಪವಿದೆಯೆಂದು ಭಾವಿಸೋಣ. ಆಗ ಇಡೀ ಚಿತ್ರದ ಬಣ್ಣದ ಘನಗಾತ್ರ ಸುಮಾರು 165 ಲೀಟರು ಮಾತ್ರ! ಅರ್ಧ ಮೈಲಿಗೂ ಮೀರಿದ ಚಿತ್ರವೆಲ್ಲ ಎಣ್ಣೆಯ ಒಂದು ಪೀಪಾಯಿಯೊಳಗೆ ಹಿಡಿಸೀತು. ಇಷ್ಟು ತೆಳುವಾದ ಪೊರೆಗೆ ಎದುರಿನಿಂದ ಸೂರ್ಯನ ಕಾಟ, ಬೆನ್ನಿನಿಂದ ಗೋಡೆಯ ಕಾಟ.

ಗೋಡೆಯ ಕಾಟವೆಂದರೆ ಕ್ಷಾರ ಮತ್ತು ತೇವ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಆರತಿಯ ಕೆಂಪುನೀರಾಗುವುದನ್ನು ಎಲ್ಲರೂ ಬಲ್ಲರು. ಕ್ಷಾರದಿಂದ ಬಣ್ಣವೇ ಬದಲಾಗುವುದಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನ ಬೇಡ. ಹೊಸ ಕಾಂಕ್ರೀಟು ಸುಣ್ಣದಷ್ಟೇ ತೀವ್ರವಾದ ಕ್ಷಾರ. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಅದರ ಮೇಲೆ ಬಳಿದರೆ ಎಣ್ಣೆಯು ಸಾಬೂನಾಗಿ ಮಾರ್ಪಟ್ಟು ಬಣ್ಣ ಕಳಚಿಬೀಳುವುದು. ಆದುದರಿಂದಲೇ ಇಂದು ಹೊರಗೋಡೆಗಳಿಗೆ ಅಕ್ರಿಲಿಕ್ ಬಣ್ಣವನ್ನು ಬಳಸುವರು. ಇದರಲ್ಲಿ ಅಕ್ರಿಲಿಕ್ ರಾಳದ ಅತಿಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆಲ್ಲ ಒಂದನ್ನೊಂದು ಒತ್ತಿ ಬೆಸೆದುಕೊಂಡು ಪೊರೆಯಾಗುತ್ತವೆ. ಗೋಡೆಯ ಹಿಂದಿನ ಮಣ್ಣಿನಿಂದ ತೇವವು ಒಸರಿದರಂತೂ ಅದರೊಡನೆ ಲವಣಗಳೂ ಬಂದು, ಪೊರೆಯ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ನೂಕುವುವು.

ಸೂರ್ಯನ ಕಾಟ ಇನ್ನೂ ಸೂಕ್ಷ್ಮವಾದುದು. ಬೆಳಕು ಶಕ್ತಿಯ ಕಂತೆಗಳಾಗಿ ಬಂದು ಬೀಳುವುದೆಂದು ಕಾಲೇಜಿನ ವಿದ್ಯಾರ್ಥಿಗಳು ಓದಿರುವರಷ್ಟೆ. 1240ನ್ನು ನ್ಯಾನೊಮೀಟರಿನಲ್ಲಿ ಹೇಳಿದ ತರಂಗಾಂತರದಿಂದ ಭಾಗಿಸಿದರೆ ಒಂದು ಕಂತೆಯ ಶಕ್ತಿಯು ಎಲೆಕ್ಟ್ರಾನ್ ವೋಲ್ಟುಗಳಲ್ಲಿ ದೊರೆಯುವುದು. 700 ನ್ಯಾನೊಮೀಟರಿನ ಕೆಂಪು ಬೆಳಕಿಗೆ 1.8, 310 ನ್ಯಾನೊಮೀಟರಿನ ನೇರಳಾತೀತ ಕಿರಣಕ್ಕೆ 4.0. ಇಂಗಾಲದ ಎರಡು ಪರಮಾಣುಗಳ ನಡುವಣ ಒಂಟಿ ಬಂಧವನ್ನು ಕಡಿಯಲು ಬೇಕಾದುದು ಸುಮಾರು 3.6. ಕೆಂಪು ಬೆಳಕು ಎಷ್ಟು ಹೊತ್ತು ಬಿದ್ದರೂ ಈ ಬಂಧವನ್ನು ನೇರವಾಗಿ ಕಡಿಯಲಾರದು. ನೇರಳಾತೀತದ ಒಂದೇ ಕಂತೆ ಕಡಿಯಬಲ್ಲುದು. ಆದರೆ ಕಡಿಯಬೇಕಾದರೆ ವಸ್ತುವು ಆ ಕಿರಣವನ್ನು ಹೀರಿಕೊಳ್ಳಬೇಕು. ಅಕ್ರಿಲಿಕ್ ರಾಳ ಭೂಮಿಗೆ ತಲಪುವ ನೇರಳಾತೀತವನ್ನು ಹೆಚ್ಚಾಗಿ ಹೀರುವುದಿಲ್ಲ. ಅದರ ಬಾಳಿಕೆಯ ಗುಟ್ಟು ಇದು. ಅನೇಕ ಸಾವಯವ ವರ್ಣದ್ರವ್ಯಗಳು ಹೀರಿಕೊಂಡು, ಗಾಳಿಯ ಆಮ್ಲಜನಕದೊಡನೆ ಸೇರಿ ಬಣ್ಣಗೆಡುವುವು. ಕಾವಿಯಲ್ಲಿರುವ ಕಬ್ಬಿಣದ ಆಕ್ಸೈಡಿಗೆ ಈ ಭಯವಿಲ್ಲ. ಅದರಲ್ಲಿ ಕಡಿಯಲು ಇಂಗಾಲದ ಬಂಧಗಳೇ ಇಲ್ಲ.

ಬಿಸಿಲಲ್ಲದೆ ಮನುಷ್ಯನೂ ಚಿತ್ರವನ್ನು ಅಳಿಸಬಲ್ಲನು. ಇದೇ ನಗರದಲ್ಲಿ 1932ರಲ್ಲಿ ಮೆಕ್ಸಿಕೋದ ಡೇವಿಡ್ ಅಲ್ಫಾರೊ ಸಿಕೇರೊಸ್ ಎಂಬ ಚಿತ್ರಕಾರನು ಓಲ್ವೆರಾ ಬೀದಿಯ ಕಟ್ಟಡವೊಂದರ ಹೊರಗೋಡೆಯಲ್ಲಿ, ಹಸಿ ಸಿಮೆಂಟಿನ ಮೇಲೆ ಬಣ್ಣವನ್ನು ಯಂತ್ರದಿಂದ ಸಿಂಪಡಿಸಿ ‘ಅಮೇರಿಕ ಟ್ರಾಪಿಕಲ್’ ಎಂಬ ಚಿತ್ರವನ್ನು ರಚಿಸಿದನು. ಶಿಲುಬೆಗೆ ಬಿಗಿದ ಆದಿವಾಸಿಯ ಮೇಲೆ ಅಮೆರಿಕದ ಹದ್ದು ಕುಳಿತಿರುವ ದೃಶ್ಯ ಹಲವರಿಗೆ ರುಚಿಸಲಿಲ್ಲ. ಕೆಲಕಾಲದಲ್ಲೇ ಚಿತ್ರಕ್ಕೆ ಬಿಳಿ ಬಳಿದುಬಿಟ್ಟರು. ದಶಕಗಳು ಕಳೆದಂತೆ ಆ ಬಿಳಿ ಕಳಚಿ, ಬಣ್ಣ ಬಹುಮಟ್ಟಿಗೆ ಹೋದ ಚಿತ್ರ ಮತ್ತೆ ಇಣುಕಿತು. ಗೆಟ್ಟಿ ಸಂರಕ್ಷಣ ಸಂಸ್ಥೆಯವರು ಅದಕ್ಕೆ ಹೊಸ ಬಣ್ಣ ತುಂಬಲಿಲ್ಲ. ಉಳಿದುದನ್ನು ಭದ್ರಪಡಿಸಿ, ಬಿಸಿಲಿಗೆ ಮರೆ ಕಟ್ಟಿದರು. 2012ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು.

ಮಹಾಗೋಡೆಯ ವಿಷಯದಲ್ಲಿ ಹಿಡಿದ ದಾರಿ ಬೇರೆ. ಮಾಸಿದ ಭಾಗಗಳಿಗೆ ಪುನಃ ಬಣ್ಣ ಹಚ್ಚಿ, 2011ರಲ್ಲಿ ಜೀರ್ಣೋದ್ಧಾರವನ್ನು ಪೂರೈಸಿದರು. ಎರಡರಲ್ಲಿ ಯಾವುದು ಸರಿ? ನನ್ನ ಮಟ್ಟಿಗೆ ಎರಡೂ ಸರಿ. ಸಿಕೇರೊಸನ ಕೈ ಇಂದಿಲ್ಲ. ಅವನ ಬಣ್ಣವನ್ನು ನಾವು ಊಹಿಸಿ ತುಂಬಿದರೆ ಅದು ನಮ್ಮ ಚಿತ್ರವಾದೀತು. ಊರವರೇ ಕೂಡಿ ಬರೆದ ಚಿತ್ರಕ್ಕಾದರೋ ಊರವರೇ ಮತ್ತೆ ಕುಂಚ ಹಿಡಿದರೆ ಯಾವ ಅಪಚಾರವೂ ಇಲ್ಲ.

ವಿದ್ಯಾರ್ಥಿಗಳು ಈ ಪ್ರಯೋಗವನ್ನು ತಾವೇ ಮಾಡಿ ನೋಡಬಹುದು. ಒಂದು ಬಿಳಿಯ ರಟ್ಟಿನ ಮೇಲೆ ಅರಿಶಿನದ ನೀರು, ಕಾವಿ, ಕೆಂಪು ಶಾಯಿ, ಅಂಗಡಿಯ ಅಕ್ರಿಲಿಕ್ ಬಣ್ಣ ಇವುಗಳ ಪಟ್ಟಿಗಳನ್ನು ಎಳೆಯಿರಿ. ಅರ್ಧಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿ, ಮಳೆ ತಾಗದೆ ಬಿಸಿಲು ಬೀಳುವೆಡೆ ಇಡಿರಿ. ವಾರಕ್ಕೊಮ್ಮೆ ಕಾಗದವನ್ನೆತ್ತಿ ಎರಡು ಭಾಗಗಳನ್ನೂ ಹೋಲಿಸಿ ಬರೆದಿಡಿರಿ. ಅರಿಶಿನವು ಬಹು ಬೇಗ ಸೋಲುವುದು. ಇನ್ನೊಂದು ರಟ್ಟನ್ನು ಕಿಟಕಿಯ ಗಾಜಿನ ಹಿಂದೆ ಇಟ್ಟು, ವ್ಯತ್ಯಾಸವೇನಾದರೂ ಕಂಡರೆ ಕಾರಣವನ್ನು ಯೋಚಿಸಿರಿ.